ಅಡ್ವಾನ್ಸ್ ಬುಕಿಂಗ್ ಎಂಬ ಚೀಲ

ಮನೆಯ ಮುಂದಿನ ಕೋಣೆಯಿಂದ,
ಭಾನುವಾರ, ಹನ್ನೆರಡನೇ ತಾರೀಖು,
ಬೆಳಗ್ಗೆ ಹತ್ತೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹಿಮ್ಮಡಿ ನೋವು ಕಡಿಮೆಯಾಯಿತೇ? ಇಡೀ ದಿನ ವಾರ್ಡಿನಲ್ಲಿ ನಿಂತುಕೊಂಡು ಊರವರಿಗೆಲ್ಲ 'ರೆಸ್ಟ್ ತಗೊಳ್ಳಿ' ಎಂದು ಹೇಳುವವಳು ನೀನು, ನಿನಗೆ ಅದನ್ನು ಹೇಳುವವರು ಯಾರೂ ಇಲ್ಲವಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಅಳಿಯಂದಿರ ಕೆಮ್ಮು ನಿಂತಿರಬೇಕು. ಮೊಮ್ಮಗಳಿಗೆ ಮುಂದಿನ ಹಲ್ಲು ಬಂತೋ, ಇನ್ನೂ ಕಿಟಕಿ ತೆರೆದುಕೊಂಡೇ ನಗುತ್ತಿದ್ದಾಳೋ? ನನ್ನ ಆರೋಗ್ಯ ಫಸ್ಟ್ ಕ್ಲಾಸ್. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಮಂಡಿ ಮಾತ್ರ ಎದ್ದು ಕೂರುವಾಗ ಹಳೇ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ. ಸದ್ದಿಗೆ ಔಷಧಿ ಇಲ್ಲ ಎಂದು ನೀನೇ ಹೇಳಿದ್ದೀಯ.

ಫೋನ್ ಇರುವಾಗ ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾರೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಹೆಡ್ ನರ್ಸ್ ಆಗಿಬಿಡುತ್ತೀ. ಯಾವಾಗಿಂದ, ಎಷ್ಟು ಸಲ, ಜ್ವರ ಇದೆಯಾ, ಎಂದು ಶುರುಮಾಡಿದರೆ ನಾನು ರೋಗಿಯ ಕಡೆಯವನ ಹಾಗೆ ಕೈಕಟ್ಟಿ ನಿಲ್ಲಬೇಕು. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ, ನೋಡು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಪ್ರಿಸೈ ರೈಟಿಂಗ್ ಎಂದು ಕಲಿಸುತ್ತಿದ್ದರು, ಉದ್ದದ್ದನ್ನು ಗಿಡ್ಡ ಮಾಡಿ ಬರೆಯುವ ವಿದ್ಯೆ. ನನಗೆ ಅದರಲ್ಲಿ ಇಪ್ಪತ್ತೈದಕ್ಕೆ ಮೂರು ಬಂದಿತ್ತು. ಆದರೂ ಪ್ರಯತ್ನಿಸುತ್ತೇನೆ. ಬ್ರೀಫ್ಲಿ ಸ್ಪೀಕಿಂಗ್, ನಾವು ಮೂವರೂ ಸಮುದ್ರ ನೋಡಿಕೊಂಡು ಬಂದೆವು! ನಿನ್ನ ತಮ್ಮ, ಅವನ ಹೆಂಡತಿ, ನಾನು. ನಾಲ್ಕು ದಿನ. ರೈಲಿನಲ್ಲಿ. ಮೊನ್ನೆ ಶುಕ್ರವಾರ ಮೂವರೂ ಜೀವಂತವಾಗಿ, ಮೂಗು ಕಪ್ಪಾಗಿ ವಾಪಸಾದೆವು.

ಈಗ ನೀನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರುತ್ತೀ, ನನಗೆ ಗೊತ್ತು. ಅವರನ್ನು ಊರು ಬಿಡಲು ಬಿಡುವುದಿಲ್ಲ ಎಂದು ಫೆಬ್ರವರಿಯಲ್ಲಿ ನಿನಗೆ ಮಾತು ಕೊಟ್ಟವನು ನಾನೇ. ಅವತ್ತು ನೀನು ಫೋನಿನಲ್ಲಿ ತಮ್ಮನಿಗೆ ಅಂದದ್ದು ನೆನಪಿದೆಯೇ? "ಇಬ್ಬರು ರೋಗಿಗಳು ಸೇರ್ಕೊಂಡು ಹೊರಟ್ರೆ ಅದು ಪ್ರವಾಸ ಅಲ್ಲ ಕಣೋ, ಆಂಬ್ಯುಲೆನ್ಸಿಗೆ ಅಡ್ವಾನ್ಸ್ ಬುಕಿಂಗ್." ಅವನು ಫೋನ್ ಇಟ್ಟುಬಿಟ್ಟ. ಅಲ್ಲಿಂದ ಮೂರು ತಿಂಗಳು ಅಕ್ಕ ತಮ್ಮ ಮಾತಿಲ್ಲ. ಮಧ್ಯೆ ನಾನೊಬ್ಬ ಅಂಚೆ ಪೆಟ್ಟಿಗೆಯ ಹಾಗೆ ಎರಡೂ ಕಡೆಯದನ್ನು ನುಂಗಿಕೊಂಡು ನಿಂತಿದ್ದೇನೆ. ನಿನ್ನ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಅವನ ಬೆನ್ನಿನ ಗಡ್ಡೆ ತೆಗೆದಾಗ ಹಾಸಿಗೆ ಪಕ್ಕದಲ್ಲಿ ಇಪ್ಪತ್ತೆರಡು ದಿನ ಕೂತವಳು ನೀನು. ಕಾಲು ಇನ್ನು ಬರುವುದಿಲ್ಲ ಎಂದು ಡಾಕ್ಟರು ನಮಗೆ ಹೇಳುವ ಮೊದಲೇ ಅವರ ಮುಖ ನೋಡಿ ತಿಳಿದುಕೊಂಡವಳೂ ನೀನೇ. ಅವನು ಗಾಲಿಕುರ್ಚಿ ಹತ್ತಿ ಒಂಬತ್ತು ವರ್ಷವಾದರೂ ನಿನ್ನ ಕಣ್ಣಿಗೆ ಅವನಿನ್ನೂ ಆ ಹಾಸಿಗೆಯಲ್ಲೇ ಇದ್ದಾನೆ. ಇನ್ನು ಸೊಸೆಗೆ ಹನ್ನೊಂದನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಎಡಗಣ್ಣು ಬೇರೆ ಮಂಜು. ನೀನು ದಿನಾ ವಾರ್ಡಿನಲ್ಲಿ ನೋಡುವುದು ಕೆಟ್ಟುಹೋದ ಪ್ರಯಾಣಗಳನ್ನೇ. ಚೆನ್ನಾಗಿ ಮುಗಿದ ಪ್ರಯಾಣ ಯಾವುದಾದರೂ ಆಸ್ಪತ್ರೆಗೆ ಬಂದು ಅಡ್ಮಿಟ್ ಆಗುತ್ತದೆಯೇ? ಅದಕ್ಕೇ ಅಂಥ ಒಂದರ ವರದಿ ಬರೆಯುತ್ತಿದ್ದೇನೆ.

ನಾನೂ ಸುಮ್ಮನೆ ಒಪ್ಪಿದವನಲ್ಲ. ಅವರು ಮೊದಲು ಹೊರಟದ್ದು ದೊಡ್ಡ ಪ್ರಯಾಣಕ್ಕೆ, ಹನ್ನೊಂದು ದಿನದ್ದು. ಬಾಗಿಲಿಗೆ ಅಡ್ಡ ನಿಂತೆ. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ನಾಲ್ಕು ದಿನದ ಟ್ರಯಲ್, ಜೊತೆಗೆ ನಾನು. ಅದರಲ್ಲಿ ಒಂದೇ ಒಂದು ಎಡವಟ್ಟಾದರೂ ದೊಡ್ಡ ಪ್ರಯಾಣ ಕ್ಯಾನ್ಸಲ್, ಮತ್ತೆ ಆ ಮಾತೇ ಎತ್ತಬಾರದು. ಸೊಸೆ ಕೈ ಚಾಚಿ "ಆಯ್ತು ಮಾವ, ಡನ್" ಎಂದಳು. ಎಡವಟ್ಟು ಆಗಿಯೇ ಆಗುತ್ತದೆ, ನಿನಗೆ ಕೊಟ್ಟ ಮಾತು ತಾನಾಗಿ ಉಳಿಯುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ನಿನ್ನ ಮುಂದೆ ಯಾಕೆ ಮುಚ್ಚಿಡಲಿ.

ಅವರು ಹೊರಡುವ ವೈಖರಿ ನೋಡಬೇಕಿತ್ತು ನೀನು. ನಾನು ಐಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪಾಳಿ ನಡೆಸಿದವನು, ಅಷ್ಟು ಅಚ್ಚುಕಟ್ಟನ್ನು ನನ್ನ ಮೆಷಿನ್ ರೂಮಿನಲ್ಲೂ ಕಂಡಿರಲಿಲ್ಲ. ಎರಡು ದಿನ ಮೊದಲೇ ಸ್ಟೇಷನ್ನಿಗೆ ಫೋನ್ ಮಾಡಿ ಕುರ್ಚಿ ಎತ್ತಲು ಇಬ್ಬರು ಪೋರ್ಟರುಗಳನ್ನು ಗೊತ್ತುಮಾಡಿದ್ದರು. ಲಾಡ್ಜಿನವನಿಗೆ ಫೋನಿನಲ್ಲೇ ಟೇಪು ಹಿಡಿಸಿ ಬಚ್ಚಲ ಬಾಗಿಲು ಅಳೆಸಿದ್ದರು. ಔಷಧಿ ಚೀಲವನ್ನು ಸೊಸೆಯೇ ಹೊಲಿದಿದ್ದಾಳೆ, ನೀಲಿ ಬಣ್ಣದ್ದು, ಹದಿನಾಲ್ಕು ಜೇಬು. ಅದರ ಮೇಲೆ ಕೆಂಪು ದಾರದಲ್ಲಿ ಏನು ಕಸೂತಿ ಹಾಕಿದ್ದಾಳೆ ಹೇಳು? 'ಅಡ್ವಾನ್ಸ್ ಬುಕಿಂಗ್'! ನಿನ್ನ ಮಾತೇ. "ಅಪ್ಪಾ, ಅಡ್ವಾನ್ಸ್ ಬುಕಿಂಗ್ ಎಲ್ಲಿಟ್ರಿ?" "ಅಡ್ವಾನ್ಸ್ ಬುಕಿಂಗ್ ನನ್ನ ತೊಡೆ ಮೇಲಿದೆ." ದಾರಿಯುದ್ದಕ್ಕೂ ಇದೇ. ಎದುರು ಸೀಟಿನವರು ನಾವು ಯಾವುದೋ ನಾಟಕ ಕಂಪನಿಯವರು, ಟಿಕೆಟ್ ಮಾರಲು ಹೊರಟಿದ್ದೇವೆ ಎಂದುಕೊಂಡರು. ಸಿಟ್ಟಿನಲ್ಲಿ ಇಟ್ಟ ಹೆಸರಲ್ಲ ಮಗಳೇ. ಸಿಟ್ಟಿದ್ದರೆ ಅಷ್ಟು ಚೆಂದದ ಅಕ್ಷರ ಬರುತ್ತಿರಲಿಲ್ಲ.

ಒಂದೇ ಸೂರಿನಡಿ ಮೂರು ವರ್ಷ ಇದ್ದೂ ನಾನು ಗಮನಿಸದೆ ಇದ್ದದ್ದೆಲ್ಲ ರೈಲಿನ ಎದುರುಬದುರು ಸೀಟಿನಲ್ಲಿ ಕಂಡಿತು. ಅವಳ ಕೈಗಡಿಯಾರ ಅರ್ಧ ಗಂಟೆಗೊಮ್ಮೆ ಕಿಣಿಕಿಣಿ ಅನ್ನುತ್ತದೆ. ಅವಳು ತಲೆ ಎತ್ತದೆ "ಏಳಿ ಸಾಹೇಬ್ರೇ" ಅನ್ನುತ್ತಾಳೆ. ಅವನು ಎರಡೂ ಕೈ ಊರಿ ಮೈಯನ್ನು ಸೀಟಿನಿಂದ ಎತ್ತಿ ಹಿಡಿದು ಕೂರುತ್ತಾನೆ, ಚರ್ಮ ಹುಣ್ಣಾಗಬಾರದಲ್ಲ. ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರು. ಇವನದು ಇನ್ನೂ ಸೋಜಿಗ. ಅವಳಿಗೆ ಸಕ್ಕರೆ ಇಳಿಯುವುದು ಇವನಿಗೆ ಅವಳಿಗಿಂತ ಮೊದಲು ತಿಳಿಯುತ್ತದೆ. ಕಿಟಕಿ ಯಾರ ಕಡೆ ಎಂದು ಇಬ್ಬರೂ ಜಗಳವಾಡುತ್ತಿದ್ದರು. ಆಲ್ ಆಫ್ ಎ ಸಡನ್ ಅವಳು "ಹೋಗ್ಲಿ ಬಿಡಿ, ನೀವು ಹೇಳಿದ ಹಾಗೇ ಆಗ್ಲಿ" ಎಂದಳು. ನಾನು ಎಂಥ ತಾಳ್ಮೆಯ ಹೆಣ್ಣು ಎಂದುಕೊಳ್ಳುವಷ್ಟರಲ್ಲಿ ಅವನು ಅವಳ ಬಾಯಿಗೆ ಎರಡು ಪೆಪ್ಪರ್‌ಮಿಂಟು ತುರುಕಿ, ಬೆರಳು ಹಿಡಿದು ರಕ್ತ ಪರೀಕ್ಷೆ ಮಾಡಿ, ಮೀಟರು ನನ್ನ ಕಡೆ ತಿರುಗಿಸಿದ. ಐವತ್ತೆಂಟು! "ಇವಳು ಬೈಯೋದು ನಿಲ್ಸಿದ್ರೆ ಶುಗರ್ ಇಳಿದಿದೆ ಅಂತ ಅರ್ಥ ಅಪ್ಪಾ" ಎಂದ. ಹತ್ತು ನಿಮಿಷದಲ್ಲಿ ಅವಳು ಮತ್ತೆ ಕಿಟಕಿಗೆ ಜಗಳ ತೆಗೆದಳು. ನೂರಾ ಹತ್ತಿರಬೇಕು ಎಂದು ನಾನೇ ಊಹಿಸಿದೆ. ನೂರಾ ಹನ್ನೆರಡು! ನಿನ್ನ ಅಪ್ಪ ಕಲಿಯುತ್ತಿದ್ದಾನೆ.

ಈಗ ಸಮುದ್ರಕ್ಕೆ ಬರುತ್ತೇನೆ. ಗಾಲಿ ಮರಳಿನಲ್ಲಿ ಒಂದಡಿ ಹೋದರೆ ಅರ್ಧ ಅಡಿ ಹೂತುಕೊಳ್ಳುತ್ತದೆ, ಅದನ್ನು ನಾನು ಮೊದಲೇ ಹೇಳಿದ್ದೆ. ದೂರದಿಂದ ನೋಡಿಕೊಂಡು ಬರೋಣ ಎಂದಿದ್ದೆ. ಸೊಸೆ ಚೀಲದಿಂದ ಎರಡು ಉದ್ದನೆಯ ಕ್ಯಾನ್ವಾಸ್ ಪಟ್ಟೆ ತೆಗೆದಳು. ಅಂಗಡಿಯೊಂದಕ್ಕೆ ಬಿಸಿಲು ಪರದೆ ಹೊಲಿದು ಉಳಿದ ಬಟ್ಟೆ, ಅಡಿಗೆ ಬಿದಿರಿನ ಕಡ್ಡಿ ಸೇರಿಸಿ ಹೊಲಿದಿದ್ದಾಳೆ. ಒಂದು ಪಟ್ಟೆ ಹಾಸುವುದು, ಕುರ್ಚಿ ಅದರ ಮೇಲೆ ಉರುಳುವುದು, ಮುಂದೆ ಇನ್ನೊಂದು ಹಾಸುವುದು, ಹಿಂದಿನದನ್ನು ಎತ್ತಿ ಮುಂದೆ ಓಡುವುದು. ಓಡುವ ಕೆಲಸ ಯಾರದು? ಅರವತ್ತೊಂಬತ್ತು ವರ್ಷದ ಈ ನಿನ್ನ ಅಪ್ಪನದು. ಮಂಡಿ ಸದ್ದು ಅಲೆಯ ಸದ್ದಿನಲ್ಲಿ ಮುಳುಗಿಹೋಯಿತು. ಜನ ನಿಂತು ನೋಡತೊಡಗಿದರು. ದಪ್ಪನೆಯ ಹೆಂಗಸೊಬ್ಬಳು "ಅಯ್ಯೋ ಪಾಪ, ಇಷ್ಟು ಕಷ್ಟಪಟ್ಕೊಂಡು ಯಾಕೆ ಬಂದ್ರಿ?" ಎಂದಳು. ಸೊಸೆ ಬಿಡುತ್ತಾಳೆಯೇ? "ನೀವೂ ಬಸ್ಸಲ್ಲಿ ಮೂರು ಗಂಟೆ ನಿಂತ್ಕೊಂಡು ಬಂದೆ ಅಂತ ಆಗ ಹೇಳ್ತಿದ್ರಲ್ಲ, ನೀವ್ಯಾಕೆ ಬಂದ್ರಿ?" ಆ ಹೆಂಗಸು ಹೊಟ್ಟೆ ಕುಣಿಯುವ ಹಾಗೆ ನಕ್ಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಟ್ಟೆಯ ಇನ್ನೊಂದು ತುದಿ ಹಿಡಿದಳು. ಅಲ್ಲಿಂದ ನಮ್ಮ ವೇಗ ಎರಡರಷ್ಟಾಯಿತು.

ಕೊನೆಗೆ ನೀರು! ಮೊದಲ ಅಲೆ ಮುಂದಿನ ಪುಟ್ಟ ಗಾಲಿಗಳನ್ನು ಮುಟ್ಟಿ ಹಿಂದೆ ಹೋಯಿತು. ಎರಡನೆಯದು ಅವನ ಪಾದ ಮುಳುಗಿಸಿತು. ಅವನಿಗೆ ತಣ್ಣಗಿದ್ದದ್ದು ತಿಳಿಯುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೆ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು, ಕುತ್ತಿಗೆಗೆ ಸುರಿದುಕೊಂಡ. ಏಳು ವರ್ಷದ ಹುಡುಗನಾಗಿದ್ದಾಗ ಕೊಳಾಯಿ ಕೆಳಗೆ ಕೂತು ಕೂಗುತ್ತಿದ್ದನಲ್ಲ, ಅದೇ ಕೂಗು ಕೂಗಿದ. ಸೊಸೆ ಕುರ್ಚಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಶೂ ಹಾಕಿಕೊಂಡೇ ಇಳಿದಿದ್ದಳು, ಗಾಬರಿಯಾಗಬೇಡ, ಪಾದಕ್ಕೆ ಏನೂ ಚುಚ್ಚಿಲ್ಲ. ಸಂಜೆ ಅವನು ಗಾಲಿಗಳನ್ನು ಸಿಹಿನೀರಿನಲ್ಲಿ ತೊಳೆದು, ಬೇರಿಂಗಿಗೆಲ್ಲ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟ. ಹೊಲಿಗೆ ಮೆಷಿನ್ ರಿಪೇರಿಯವನು, ಆ ಎಣ್ಣೆ ಡಬ್ಬಿ ಇಲ್ಲದೆ ಮದುವೆಗೂ ಹೋಗಿರಲಿಲ್ಲ. ಇವಳು ಮೊದಲು ಅವನ ಅಂಗಡಿಗೆ ಬಂದದ್ದೂ ಮೆಷಿನ್ನು ಕಿರುಗುಟ್ಟುತ್ತದೆ ಎಂದೇ ಅಲ್ಲವೇ. ನಿಮ್ಮಮ್ಮನಿಗೂ ನನಗೂ ಗಟ್ಟಿಮುಟ್ಟಾದ ನಾಲ್ಕು ಕಾಲುಗಳಿದ್ದವು ಮಗಳೇ. ಮೂವತ್ನಾಲ್ಕು ವರ್ಷದಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ. ಕಾರ್ಖಾನೆಯ ಪಾಳಿ, ನಿಮ್ಮ ಪರೀಕ್ಷೆ, ಇನ್ನೊಬ್ಬರ ಮದುವೆ, ಏನೋ ಒಂದು. ಆ ನೀರಿನಲ್ಲಿ ನಿಂತಾಗ ಅವಳು ಹೋಗಿ ಆರು ವರ್ಷವಾಯಿತೆಂಬುದೂ ಮರೆತು ಪಕ್ಕಕ್ಕೆ ತಿರುಗಿದೆ, ಏನೋ ಹೇಳಬೇಕು ಎಂದು.

ಇಲ್ಲಿಯವರೆಗೆ ಎಡವಟ್ಟಿಲ್ಲ. ಈಗ ಎಡವಟ್ಟು. ಕೂತುಕೊಂಡು ಓದು.

ಅದೇ ದಿನ ಮಧ್ಯಾಹ್ನ ಅವರಿಬ್ಬರೂ ಊಟವಾಗಿ ಮಲಗಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಲಾಡ್ಜಿನ ಪುಟ್ಟ ಫ್ರಿಜ್ಜಿನ ಸದ್ದು ಕೇಳುತ್ತಿದ್ದೆ. ಬೇಡವೆಂದರೂ ಕಿವಿ ಅಲ್ಲಿಗೇ ಹೋಗುತ್ತದೆ. ಕಂಪ್ರೆಸರ್ ಸರಿಯಾಗಿ ಎಳೆಯುತ್ತಿರಲಿಲ್ಲ. ಬಾಗಿಲು ತೆರೆದು ಕೈಯಿಟ್ಟು ನೋಡಿದೆ. ಬಾಗಿಲ ಕಡೆಯ ಗೂಡಿನಲ್ಲಿ ಅವಳ ಇನ್ಸುಲಿನ್ ಸೀಸೆಗಳು, ತಣ್ಣಗಿದ್ದವು ಅಷ್ಟೇ. ಹೊರಗೆ ಆ ಸುಡುಬಿಸಿಲು, ಒಳಗೆ ಈ ತಿಣುಕುವ ಮೆಷಿನ್ನು. ಮೂವತ್ತೊಂದು ವರ್ಷ ತಂಪು ಮಾರಿದವನಿಗೆ ಒಂದೇ ನಂಬಿಕೆ, ಎಷ್ಟು ತಂಪೋ ಅಷ್ಟು ಭದ್ರ. ಎರಡು ಸೀಸೆಗಳನ್ನೂ ಎತ್ತಿ ಮೇಲಿನ ಐಸ್ ಡಬ್ಬಿಯ ಒಳಗೆ, ಹಿಂದಕ್ಕೆ ಒತ್ತಿಟ್ಟೆ. ಇಟ್ಟು, ಒಳ್ಳೆಯ ಕೆಲಸ ಮಾಡಿದೆನೆಂದು ಒಂದು ನಿದ್ದೆಯನ್ನೂ ತೆಗೆದೆ. ಆ ಸಂಜೆಗೂ ರಾತ್ರಿಗೂ ಬೇಕಾದ್ದನ್ನು ಅವಳು ಬಳಸುತ್ತಿದ್ದ ಹಳೇ ಸೀಸೆಯಿಂದಲೇ ತೆಗೆದುಕೊಂಡಳು. ಯಾರೂ ಫ್ರಿಜ್ಜು ತೆರೆಯಲಿಲ್ಲ.

ಬೆಳಗ್ಗೆ ಎದ್ದು ನೋಡುತ್ತೇನೆ, ಎರಡೂ ಕಲ್ಲಾಗಿವೆ. ಹಳೇ ಸೀಸೆ ಖಾಲಿ. ನನಗೇನೂ ಗಾಬರಿಯಾಗಲಿಲ್ಲ. ಮಂಜು ಕರಗಿದರೆ ನೀರು ತಾನೇ? ಎರಡನ್ನೂ ಅಂಗೈಯಲ್ಲಿ ಉಜ್ಜಿ, ಕಂಕುಳಲ್ಲಿಟ್ಟು ಕರಗಿಸಿದೆ. ನೋಡಲು ಮೊದಲಿನ ಹಾಗೇ ತಿಳಿಯಾಗಿ ಫಳಫಳ ಎನ್ನುತ್ತಿತ್ತು. ತಿಂಡಿಗೆ ಮೊದಲು ಅವಳ ಕೈಗೆ ಕೊಟ್ಟೆ. ಅವಳು ಸಿರಿಂಜಿಗೆ ಎಳೆದುಕೊಳ್ಳುತ್ತಾ ಸೀಸೆಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದಳು, ಯಾಕೆ ಒದ್ದೆಯಾಗಿದೆ ಎಂದುಕೊಂಡಳೋ ಏನೋ. ಸಿರಿಂಜು ಕೆಳಗಿಟ್ಟು "ಮಾವಾ, ಇದು ಹೆಪ್ಪುಗಟ್ಟಿತ್ತಾ?" ಎಂದು ಕೇಳಿದಳು.

ಸತ್ಯ ಹೇಳುತ್ತೇನೆ. 'ಇಲ್ಲಮ್ಮ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೇಳಿದ ರೀತಿಯಲ್ಲೇ ನನಗೆ ಅರ್ಥವಾಗಿತ್ತು, ನಾನೇನೋ ದೊಡ್ಡದನ್ನು ಕೆಡಿಸಿದ್ದೇನೆ ಎಂದು. ಕಾರ್ಖಾನೆಗೆ ಬರುತ್ತಿದ್ದ ಮೀನಿನವರು ಎಷ್ಟು ಸಲ ಹೇಳಿರಲಿಲ್ಲ, ಒಮ್ಮೆ ಮಂಜಾಗಿ ಕರಗಿದ ಮೀನು ಮೊದಲಿನ ಮೀನಲ್ಲ ಸ್ವಾಮಿ ಎಂದು! ನನ್ನ ಕಸುಬಿನ ಮೊದಲ ಪಾಠ, ಅದೇ ನನಗೆ ಹೊಳೆಯಲಿಲ್ಲ. ಅವಳ ಕೈ ಸಿರಿಂಜಿನ ಪಕ್ಕದಲ್ಲೇ ಇತ್ತು. ನಾನು ಇಲ್ಲ ಎಂದಿದ್ದರೆ ಚುಚ್ಚಿಕೊಳ್ಳುತ್ತಿದ್ದಳು, ಮಾವ ಸುಳ್ಳು ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ. "ಹೌದಮ್ಮ, ಐಸ್ ಡಬ್ಬೀಲಿಟ್ಟಿದ್ದೆ, ನಾನೇ" ಎಂದೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಸತ್ತ ಹಾಗೇ, ಅದನ್ನು ಚುಚ್ಚಿಕೊಂಡರೂ ಒಂದೇ ಬಿಟ್ಟರೂ ಒಂದೇ ಎಂದು ಆಗ ತಿಳಿಯಿತು. ನೋಡು, ಹೆಡ್ ನರ್ಸಿನ ತಂದೆ!

ಔಷಧಿ ಅಂಗಡಿ ಹುಡುಕಲೆಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ನಿನ್ನ ತಮ್ಮ ಮಾತ್ರ ರೊಟ್ಟಿಗೆ ಬೆಣ್ಣೆ ಹಚ್ಚುವುದನ್ನೂ ನಿಲ್ಲಿಸಲಿಲ್ಲ. "ಅಪ್ಪಾ, ಸ್ವಲ್ಪ ನನ್ನ ಸೀಟಿನ ಕೆಳಗೆ ಕೈ ಹಾಕಿ" ಎಂದ. ಹಾಕಿದೆ. ಕುರ್ಚಿಯ ಅಡಿಯಲ್ಲಿ ಒಂದು ಸಂಚಿ, ಎರಡು ಪದರ ಒದ್ದೆ ಬಟ್ಟೆ ಸುತ್ತಿ ತಂಪಾಗಿಟ್ಟ ಇನ್ನೂ ಎರಡು ಸೀಸೆ! ಅವರ ಪದ್ಧತಿ ಏನು ಗೊತ್ತೇ? ಅವಳ ಔಷಧಿಯಲ್ಲಿ ಅರ್ಧ ಯಾವಾಗಲೂ ಅವನ ಬಳಿ. ಅವನ ಮೂತ್ರದ ನಳಿಗೆಗಳು, ಹುಣ್ಣಿನ ಮುಲಾಮು, ಅವುಗಳಲ್ಲಿ ಅರ್ಧ ಯಾವಾಗಲೂ ಅವಳ ಬಳಿ. ಒಂದು ಚೀಲ ಕಳೆದರೂ, ಕಳ್ಳ ಹೊಡೆದರೂ, "ಮಾವ ಐಸ್ ಡಬ್ಬೀಲಿಟ್ರೂ" (ಇದು ಅವಳು ಸೇರಿಸಿದ್ದು) ಇನ್ನೊಂದು ಇರುತ್ತದೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆಯಂತೆ. "ಹಾಗಾಗಿ ಜಗಳ ಆಡಿದ್ರೂ ಜಾಸ್ತಿ ದೂರ ಹೋಗೋಕಾಗಲ್ಲ ಅಪ್ಪಾ, ಹೆಚ್ಚೆಂದ್ರೆ ಪಕ್ಕದ ಬೀದಿ" ಎಂದ ಅವನು. ಅವಳು ಅಷ್ಟರಲ್ಲಿ ಇಂಜೆಕ್ಷನ್ ತೆಗೆದುಕೊಂಡು ರೊಟ್ಟಿಗೆ ಕೈ ಹಾಕಿದ್ದಳು.

ನಾನು ಚೀಲ ಕಟ್ಟಲು ಹೊರಟೆ. ಒಪ್ಪಂದ ಒಪ್ಪಂದವೇ, ಎಡವಟ್ಟಾಯಿತು, ನಡೆಯಿರಿ ಮನೆಗೆ, ದೊಡ್ಡ ಪ್ರಯಾಣ ಕ್ಯಾನ್ಸಲ್ ಎಂದೆ. ನಾಚಿಕೆಗೆ ಗಂಟಲು ಜೋರಾಗಿತ್ತು. ಸೊಸೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ನೀರು ಕುಡಿದು ಹೇಳಿದಳು. "ಮಾವ, ಎಡವಟ್ಟು ಮಾಡಿದ್ದು ಯಾರು?" ನಾನು ಎಂದೆ. "ಅದನ್ನ ಸರಿಮಾಡಿದ್ದು ಯಾರು?" ನೀವು ಎಂದೆ. "ಹಾಗಾದ್ರೆ ಕ್ಯಾನ್ಸಲ್ ಆಗ್ಬೇಕಾದ್ದು ನಿಮ್ಮ ಟಿಕೆಟ್ಟು!" ನಿನ್ನ ತಮ್ಮ ನಗುತ್ತಾ ಬೆಣ್ಣೆ ಚಾಕುವಿನಿಂದ ಮೇಜು ಕುಟ್ಟಿದ, ಕೋರ್ಟಿನ ಜಡ್ಜ್ ಹಾಗೆ. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಉಳಿದ ಒಂದೂವರೆ ದಿನ ಇನ್ನೂ ಎರಡು ಸಲ ಸಮುದ್ರಕ್ಕೆ ಹೋದೆವು. ಆ ದಪ್ಪನೆಯ ಹೆಂಗಸು ಈ ಸಲ ತನ್ನ ತಂಗಿಯನ್ನೂ ಪಟ್ಟೆ ಹಿಡಿಯಲು ಕರೆತಂದಿದ್ದಳು. ಔಷಧಿ ಅಂಗಡಿಯಲ್ಲಿ ಹೊಸ ಸೀಸೆ ಸಿಕ್ಕಿತು, ನಾನು ಅದನ್ನು ಮುಟ್ಟಲಿಲ್ಲ.

ದೇರ್‌ಫೋರ್ ಮಗಳೇ, ನನ್ನ ವರದಿಯ ಸಾರಾಂಶ ಇಷ್ಟು. ಆ ಪ್ರಯಾಣದಲ್ಲಿ ಅಪಾಯ ಅಂತ ಇದ್ದದ್ದು ಒಂದೇ. ಅದು ಅರವತ್ತೊಂಬತ್ತು ವರ್ಷದ್ದು, ಕಾವಲಿಗೆಂದು ಹೋಗಿತ್ತು, ಅದರ ಕಾಲುಗಳು ಸರಿಯಾಗಿದ್ದವು, ರಕ್ತದಲ್ಲಿ ಸಕ್ಕರೆಯೂ ಸರಿಯಾಗಿತ್ತು. ಅವರಿಬ್ಬರಿಗೆ ತಮ್ಮ ಮೈಯಲ್ಲಿ ಏನೇನು ಕೈಕೊಡಬಹುದು ಎಂಬುದು ಬಾಯಿಪಾಠ. ನಮ್ಮಂಥ ಗಟ್ಟಿಯವರಿಗೆ ಅದರ ಗಂಧವೇ ಇಲ್ಲ, ಅದಕ್ಕೇ ನಾವು ಐಸ್ ಡಬ್ಬಿಯಲ್ಲಿಡುತ್ತೇವೆ. ನೀನು ಹೆದರುವುದನ್ನು ಬಿಡು ಎಂದು ಹೇಳುತ್ತಿಲ್ಲ. ಹೆದರಿಕೆಯನ್ನು ಅವರೂ ಬಿಟ್ಟಿಲ್ಲ, ಹದಿನಾಲ್ಕು ಜೇಬು ಹೊಲಿದು ಅದರೊಳಗೆ ತುಂಬಿಕೊಂಡಿದ್ದಾರೆ, ಅಷ್ಟೇ.

ದೊಡ್ಡ ಪ್ರಯಾಣ ಈಗ ಗಟ್ಟಿಯಾಗಿದೆ. ನಾಡಿದ್ದು ಮಂಗಳವಾರ ಹೊರಡುತ್ತಾರೆ, ಇಬ್ಬರೇ. ನಾನು ಇದನ್ನು ಬರೆಯುತ್ತಿರುವ ಮೇಜಿನ ಸುತ್ತ ಜೋಡಿಸಿಟ್ಟ ಬಟ್ಟೆ, ಸಿರಿಂಜು, ಪಂಪು, ಗಾಲಿಯ ಟ್ಯೂಬು. ನಿನ್ನ ತಮ್ಮ ಪಟ್ಟಿ ಓದುತ್ತಿದ್ದಾನೆ, ಅವಳು ಒಂದೊಂದಕ್ಕೂ "ಇದೆ" ಎಂದು ಕೂಗುತ್ತಿದ್ದಾಳೆ, ನಡುನಡುವೆ "ಮಾವ, ನೀವೇನೂ ಮುಟ್ಟಿಲ್ಲ ತಾನೇ?" ಮನೆಯಲ್ಲಿ ಇಷ್ಟು ಗಲಾಟೆ ಕೇಳಿ ಎಷ್ಟು ವರ್ಷವಾಯಿತು! ನನಗೇ ಹೊರಡುವಷ್ಟು ಸಡಗರ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಮೊಮ್ಮಗಳ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಹಲ್ಲು ಬಂದಿದ್ದರೆ ಮೂರು. ನೀನು ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಹೊತ್ತಿಗೆ ಸರಿಯಾಗಿ ತಿನ್ನು. ದೇವರು ನಿನ್ನ ಕೈಯಲ್ಲಿ ಇನ್ನಷ್ಟು ಜನ ಗುಣವಾಗುವಂತೆ ಮಾಡಲಿ.

ಯುವರ್ಸ್ ಮೋಸ್ಟ್ ಅಫೆಕ್ಷನೇಟ್ಲಿ (ಸ್ಪೆಲ್ಲಿಂಗ್ ಕೇಳಬೇಡ),
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಮೊದಲು ಇನ್ನೊಂದು ಮಾತು. ದೊಡ್ಡ ಪ್ರಯಾಣ ಎಲ್ಲಿಗೆ ಎಂದು ನಾನು ಬರೆಯಲಿಲ್ಲ, ನೀನೂ ಬೆಟ್ಟವೋ ಗುಡ್ಡವೋ ಎಂದುಕೊಂಡಿರುತ್ತೀ. ಅವರು ಬರುತ್ತಿರುವುದು ನಿನ್ನ ಊರಿಗೆ. ಫೆಬ್ರವರಿಯಲ್ಲೂ ಹೊರಟಿದ್ದದ್ದು ಅಲ್ಲಿಗೇ, ನಿನಗೆ ಅದನ್ನು ಹೇಳುವ ಮೊದಲೇ ಫೋನ್ ಕಟ್ಟಾಯಿತು. ನಿನ್ನ ಮನೆಯಲ್ಲಿ ಇಳಿಯುವುದಿಲ್ಲವಂತೆ, ಲಾಡ್ಜು ಗೊತ್ತುಮಾಡಿದ್ದಾರೆ. ಒಂದು ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ನಿನ್ನನ್ನು ನೋಡುವುದು, ಮಾತಾಡಿಸಿದರೆ ಮಾತಾಡುವುದು, ಇಲ್ಲವಾದರೆ ಉಳಿದ ದಿನ ಊರು ಸುತ್ತಿ ವಾಪಸಾಗುವುದು. "ಅಕ್ಕನಿಗೆ ಹೇಳ್ಬೇಡಿ ಅಪ್ಪಾ, ಹೇಳಿದ್ರೆ ಕರ್ತವ್ಯ ಅಂತ ಬರ್ತಾಳೆ" ಎಂದಿದ್ದಾನೆ. ನಾಳೆ ಬೆಳಗ್ಗೆಯೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಬುಧವಾರ ನಿನ್ನ ಕೈಯಲ್ಲಿರುತ್ತದೆ. ರೈಲು ಗುರುವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ, ಕೊನೆಯಿಂದ ಎರಡನೇ ಡಬ್ಬಿ. ಅಲ್ಲಿ ಆರೇ ನಿಮಿಷ ನಿಲ್ಲುವುದು, ಕುರ್ಚಿ ಇಳಿಸಲು ಇಬ್ಬರು ಬೇಕು. ಪೋರ್ಟರು ಒಬ್ಬನೇ ಸಿಕ್ಕಿದ್ದಾನೆ.